ಮಲೆನಾಡಿನ ಮಳೆಗೆ ಹಿಮಬೆಟ್ಟದ ಅಂಗಿ

ಮಳೆಗಾಲ ಹಿಡಿಯಿತೆಂದರೆ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಘಟ್ಟದ ಕಡೆ ಹೊರಡುವ ಬಸ್ಸುಗಳಲ್ಲಿ ಒಂದೇ ಬಗೆಯ ಉಡುಪು ಕಾಣತೊಡಗುತ್ತದೆ: ಮೈಗಂಟುವ ಪಾಲಿಯೆಸ್ಟರ್ ಟೀ ಶರ್ಟು, ತೆಳು ನೈಲಾನ್ ಪ್ಯಾಂಟು, ಮೇಲೊಂದು ದುಬಾರಿ ಮಳೆ ಜಾಕೆಟ್ಟು. ಚಾರಣಕ್ಕೆ ಕರೆದೊಯ್ಯುವವರು ಮುಂಚಿತವಾಗಿ ಕಳಿಸುವ ಪಟ್ಟಿಯಲ್ಲೂ ಇದೇ ಇರುತ್ತದೆ. ಹತ್ತಿ ಬಟ್ಟೆ ತರಬೇಡಿ. ಬೇಗ ಒಣಗುವ ಸಿಂಥೆಟಿಕ್ ಬಟ್ಟೆಯನ್ನೇ ತನ್ನಿ. ಬೆವರನ್ನು ಹೊರಬಿಡುವ ವಾಟರ್‌ಪ್ರೂಫ್ ಜಾಕೆಟ್ ಇರಲಿ. ಎಲ್ಲವೂ ಆದಷ್ಟು ಹಗುರವಾಗಿರಲಿ. ಅಂಗಡಿಗೆ ಹೋದರೆ ಇನ್ನೊಂದು ಮಾತು ಸೇರಿಕೊಳ್ಳುತ್ತದೆ: ಬೆಲೆ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು.

ಇವು ಈಗ ಯಾರೂ ಪ್ರಶ್ನಿಸದ ನಿಯಮಗಳಾಗಿ ಕೂತಿವೆ. ಮೊದಲ ಸಲ ಬೆಟ್ಟ ಹತ್ತಲು ಹೊರಟ ಕಾಲೇಜು ಹುಡುಗಿ ತಿಂಗಳ ಖರ್ಚಿನ ಹಣವನ್ನು ಜಾಕೆಟ್ಟಿಗೆ ಸುರಿಯುತ್ತಾಳೆ. ಮನೆಯಲ್ಲಿರುವ ದಪ್ಪ ಟೆರಿಕಾಟ್ ಪ್ಯಾಂಟು, ಉಣ್ಣೆಯ ಸ್ವೆಟರು ಕಾಡಿಗೆ ತಕ್ಕವಲ್ಲ ಎಂದು ಬದಿಗಿಡುತ್ತಾಳೆ. ಈ ನಿಯಮಗಳು ಬೇರೆ ಹವೆಗೆ, ಬೇರೆ ನೆಲಕ್ಕೆ, ಬೇರೆ ಉದ್ದೇಶಕ್ಕೆ ಹುಟ್ಟಿದವು. ಅವನ್ನು ಹಾಗೇ ಎತ್ತಿ ತಂದು ನಮ್ಮ ಘಟ್ಟಗಳಿಗೂ ಕುರುಚಲು ಕಾಡುಗಳಿಗೂ ಹೇರಿರುವುದು ತಪ್ಪು ಎಂಬುದು ನನ್ನ ವಾದ. ಬಯಲಿಗೂ ಕಾಡಿಗೂ ತೊಡುವ ಬಟ್ಟೆಗೆ ಮೊದಲು ಬೇಕಾದ ಗುಣ ಬಾಳಿಕೆ. ಅದು ನೇಯ್ಗೆಯಲ್ಲಿದೆ, ಬಟ್ಟೆಯ ತೂಕದಲ್ಲಿದೆ, ಹೊಲಿಗೆಯಲ್ಲಿದೆ; ಎಲ್ಲಕ್ಕಿಂತ ಹೆಚ್ಚಾಗಿ, ಹರಿದಾಗ ಊರಿನ ದರ್ಜಿ ಅದನ್ನು ಸರಿಮಾಡಿಕೊಡಲು ಸಾಧ್ಯವೇ ಎಂಬುದರಲ್ಲಿದೆ.

ಮೊದಲು ಹತ್ತಿಯ ಮೇಲಿನ ಆರೋಪವನ್ನು ನೋಡೋಣ. ಹತ್ತಿ ಕೊಲ್ಲುತ್ತದೆ ಎಂಬ ಮಾತು ಚಾರಣಿಗರ ನಡುವೆ ಗಾದೆಯೇ ಆಗಿಬಿಟ್ಟಿದೆ. ಚಳಿದೇಶದ ಬೆಟ್ಟಗಳಲ್ಲಿ ಅದು ನಿಜ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬೆವರು ಹೀರಿ ಒದ್ದೆಯಾದ ಹತ್ತಿ ಬನಿಯನ್ ಮೈಗಂಟಿದಾಗ, ಹಿಮಾಲಯದ 4,000 ಮೀಟರ್ ಎತ್ತರದ ಗಾಳಿಯಲ್ಲಿ ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿಗೆ ಹೋಗುವವರು ಒಳಗೆ ಉಣ್ಣೆಯನ್ನೋ ಸಿಂಥೆಟಿಕ್ ಬಟ್ಟೆಯನ್ನೋ ತೊಡಲೇಬೇಕು. ಆದರೆ ಕುಮಾರ ಪರ್ವತದ ಎತ್ತರ 1,712 ಮೀಟರ್. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಹುಲ್ಲುಬೆಟ್ಟದ ನೆತ್ತಿಯಲ್ಲಿ ಮಳೆಗಾಳಿ ಬೀಸಿದಾಗ ನಡುಕ ಹುಟ್ಟುವುದು ನಿಜ. ಒದ್ದೆ ಪಾಲಿಯೆಸ್ಟರ್ ತೊಟ್ಟವನಿಗೂ ಅಲ್ಲಿ ನಡುಕ ತಪ್ಪಿದ್ದಲ್ಲ. ಅದಕ್ಕೆ ಪರಿಹಾರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಂದು ಜೊತೆ ಒಣ ಬಟ್ಟೆ, ಒಂದು ಉಣ್ಣೆಯ ಸ್ವೆಟರು. ನೀರು ಹೀರಿದ ಮೇಲೂ ಉಣ್ಣೆ ಒಂದಿಷ್ಟು ಬೆಚ್ಚಗಿಡುತ್ತದೆ.

ಹತ್ತಿಯನ್ನು ಬೈಯುವವರು ಅದರ ಒಂದು ಗುಣವನ್ನು ಹೇಳುವುದೇ ಇಲ್ಲ. ಒದ್ದೆಯಾದಾಗ ಹತ್ತಿಯ ನಾರು ಒಣಗಿದ್ದಾಗಿನದಕ್ಕಿಂತ ಗಟ್ಟಿಯಾಗುತ್ತದೆ. ಉಣ್ಣೆ, ವಿಸ್ಕೋಸ್ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತವೆ. ಹತ್ತಿಯದು ಇದಕ್ಕೆ ವಿರುದ್ಧ. ಇಂಗ್ಲೆಂಡಿನಲ್ಲಿ ಥಾಮಸ್ ಬರ್ಬೆರಿ 1879ರಲ್ಲಿ ಗ್ಯಾಬರ್ಡೀನ್ ಎಂಬ ಒತ್ತುನೇಯ್ಗೆಯ ಬಟ್ಟೆ ತಂದ. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಾಗ ಮೈಮೇಲಿದ್ದದ್ದು ರೇಷ್ಮೆ, ಹತ್ತಿ, ಉಣ್ಣೆಯ ಪದರಗಳು. ಅದೇ ಉಡುಪನ್ನು ಮತ್ತೆ ಮಾಡಿಸಿ 2006ರಲ್ಲಿ ಎವರೆಸ್ಟಿನ ಇಳಿಜಾರಿನಲ್ಲಿ ತೊಟ್ಟು ನೋಡಿದಾಗ, ಹವೆ ಚೆನ್ನಾಗಿದ್ದ ದಿನ ಅದು ಸಾಕಷ್ಟು ಬೆಚ್ಚಗೂ ಹಗುರವಾಗಿಯೂ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಿಮಾನ ಚಾಲಕರಿಗೆ ವೆಂಟೈಲ್ ಎಂಬ ಹತ್ತಿ ಬಟ್ಟೆಯ ಉಡುಪು ಕೊಟ್ಟರು. ನೀರು ತಾಕಿದೊಡನೆ ಅದರ ಎಳೆಗಳು ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಇನ್ನು ಇಂದಿನ ಮಾತು: 2022ರಲ್ಲಿ ನಮ್ಮ ಭೂಸೇನೆ ಹೊಸ ಸಮವಸ್ತ್ರ ತಂದಾಗ ಆರಿಸಿಕೊಂಡದ್ದು 70 ಪಾಲು ಹತ್ತಿ, 30 ಪಾಲು ಪಾಲಿಯೆಸ್ಟರ್ ಬೆರೆತ ಬಟ್ಟೆ. ಅಮೆರಿಕದ ಸೇನೆಯ ಕಾದಾಟದ ಸಮವಸ್ತ್ರ ಅರ್ಧ ನೈಲಾನ್, ಅರ್ಧ ಹತ್ತಿ. ವರ್ಷವಿಡೀ ಮಣ್ಣು, ಮುಳ್ಳು, ಬಂಡೆಗಳ ನಡುವೆ ತೆವಳುವವರಿಗೆ ಬಟ್ಟೆ ಆರಿಸುವಾಗ ಯಾರೂ ಹತ್ತಿಯನ್ನು ಪಟ್ಟಿಯಿಂದ ಹೊಡೆದುಹಾಕಲಿಲ್ಲ.

ಹಾಗಾದರೆ ದೂರಬೇಕಾದದ್ದು ಯಾವುದನ್ನು? ಸಡಿಲವಾಗಿ ಹೆಣೆದ ಹೊಸೈರಿ ಟೀ ಶರ್ಟನ್ನು, ನೀರು ಕುಡಿದು ಕಲ್ಲಿನಷ್ಟು ಭಾರವಾಗುವ ಜೀನ್ಸನ್ನು. ಚದರ ಮೀಟರಿಗೆ 400 ಗ್ರಾಂ ತೂಗುವ ಡೆನಿಮ್ ಮಳೆಗಾಲದ ಘಟ್ಟಕ್ಕೆ ಖಂಡಿತ ಬೇಡ. ಆದರೆ ಇವೆರಡರ ತಪ್ಪನ್ನು ಇಡೀ ಹತ್ತಿಯ ತಲೆಗೆ ಕಟ್ಟಿ, ಟೆರಿಕಾಟ್ ಡ್ರಿಲ್ಲಿನಂಥ ಒಳ್ಳೆಯ ಬೆರಕೆ ಬಟ್ಟೆಯನ್ನೂ ಹೊರಗಟ್ಟಿದ್ದೇವೆ.

ಅದರ ಜಾಗಕ್ಕೆ ಬಂದದ್ದೇನು? ಬಹುಪಾಲು ಹೆಣೆದ ಪಾಲಿಯೆಸ್ಟರ್. ಅದು ಬೇಗ ಒಣಗುತ್ತದೆ ಎಂಬುದನ್ನು ಒಪ್ಪುತ್ತೇನೆ. ರಸ್ತೆಯಲ್ಲಿ ಓಡುವವರಿಗೆ, ಮೈದಾನದಲ್ಲಿ ಆಡುವವರಿಗೆ ಅದು ಸರಿಯೇ. ಕಾಡಿನ ಮಾತು ಬೇರೆ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಹಿಡಿದಿರುತ್ತವೆ. ಹೆಣೆದ ಬಟ್ಟೆಯೆಂದರೆ ಒಂದರೊಳಗೊಂದು ಸಿಕ್ಕಿಸಿದ ಕುಣಿಕೆಗಳು. ಲಂಟಾನದ ಸಣ್ಣ ಮುಳ್ಳು ಒಂದು ಕುಣಿಕೆಯನ್ನು ಎಳೆದರೆ ಸಾಕು, ಸುತ್ತಲಿನ ಎಳೆ ಸುಕ್ಕುಗಟ್ಟಿ ಹೊರಬರುತ್ತದೆ. ಸೀಗೆ ಮೆಳೆಯೊಳಗೆ ಒಮ್ಮೆ ನುಸುಳಿ ಬಂದ ಡ್ರೈಫಿಟ್ ಅಂಗಿಯ ತೋಳನ್ನು ಬೆಳಕಿಗೆ ಹಿಡಿದು ನೋಡಿ: ಕಿತ್ತುಬಂದ ಎಳೆಗಳು, ಅವುಗಳ ಬುಡದಲ್ಲಿ ಪುಟ್ಟ ತೂತುಗಳು, ನಡುನಡುವೆ ಉಂಡೆಗಟ್ಟಿದ ನಾರು. ಅದೇ ದಾರಿಯಲ್ಲಿ ಬಂದ ನೇಯ್ದ ಡ್ರಿಲ್ ಪ್ಯಾಂಟಿನ ಮೇಲೆ ಹೆಚ್ಚೆಂದರೆ ಗೀರು ಕಾಣುತ್ತದೆ.

ಇಂಬಳಗಳೂ ಇದೇ ಪಾಠ ಹೇಳುತ್ತವೆ. ಹೆಣೆದ ಕಾಲುಚೀಲದ ಕಣ್ಣುಗಳ ನಡುವೆ ಸಣ್ಣ ಇಂಬಳ ತನ್ನ ಮೈಯನ್ನು ದಾರದಷ್ಟು ತೆಳುವಾಗಿಸಿಕೊಂಡು ಒಳಗಿಳಿಯುತ್ತದೆ. ಹಾಗಾಗಿಯೇ ಮಳೆಕಾಡಿನಲ್ಲಿ ಕೆಲಸ ಮಾಡುವವರು ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಹತ್ತಿ ಬಟ್ಟೆಯ ಇಂಬಳದ ಚೀಲ ಹೊಲಿಸಿಕೊಂಡು, ಅದರ ಮೇಲೆ ಬೂಟು ಹಾಕುತ್ತಾರೆ. ಮೀಟರ್ ಬಟ್ಟೆ, ಒಂದು ಲಾಡಿ, ಒಂದು ಗಂಟೆಯ ಹೊಲಿಗೆ ಸಾಕಾಗುವ ಈ ಚೀಲಕ್ಕೆ ದುಬಾರಿ ಕಾಲುಚೀಲ ಯಾವುದೂ ಸಾಟಿಯಾಗದು.

ಎಲ್ಲಕ್ಕಿಂತ ದೊಡ್ಡ ಭ್ರಮೆ ಮಳೆ ಜಾಕೆಟ್ಟಿನದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ವಸ್ತುವನ್ನು ರಭಸದಿಂದ ಎಳೆದು ಸೂಕ್ಷ್ಮ ರಂಧ್ರಗಳ ಪೊರೆ ಮಾಡಿದ. 1970ರ ದಶಕದ ದ್ವಿತೀಯಾರ್ಧದಲ್ಲಿ ಅದರ ಜಾಕೆಟ್ಟುಗಳು ಮಾರಾಟಕ್ಕೆ ಬಂದವು. ಮಳೆಹನಿ ಒಳಬರದಷ್ಟು ಚಿಕ್ಕದಾದ, ನೀರಾವಿ ಹೊರಹೋಗುವಷ್ಟು ದೊಡ್ಡದಾದ ರಂಧ್ರಗಳು. ಜಾಣ್ಮೆಯ ಆವಿಷ್ಕಾರವೇ ಸರಿ. ಆದರೆ ಆವಿಯನ್ನು ಹೊರಕ್ಕೆ ತಳ್ಳುವುದು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡಗಳ ನಡುವಿನ ವ್ಯತ್ಯಾಸ. ಹೊರಗಿನ ಗಾಳಿ ಚಳಿಯಾಗಿ ಒಣಗಿದ್ದರೆ ಆ ವ್ಯತ್ಯಾಸ ದೊಡ್ಡದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ, ಜುಲೈ ತಿಂಗಳಲ್ಲಿ, ಗಾಳಿಯೇ ನೀರಾವಿ ತುಂಬಿ ನಿಂತಿರುತ್ತದೆ. ತಾಪಮಾನ 22 ಡಿಗ್ರಿ ಆಸುಪಾಸು. ಹಿಮಬೆಟ್ಟದ ಒಣಗಾಳಿಗೆ ಹೋಲಿಸಿದರೆ ಅಲ್ಲಿ ಆ ವ್ಯತ್ಯಾಸ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಏರು ಹತ್ತುವವನ ಮೈ ಗಂಟೆಗೆ ಒಂದು ಲೀಟರಿನಷ್ಟು ಬೆವರಬಲ್ಲದು. ಪೊರೆಗೆ ಅದನ್ನು ಸಾಗಿಸುವ ಶಕ್ತಿ ಇಲ್ಲ. ಮಳೆ ಒಳಬರುವುದಿಲ್ಲ, ಬೆವರು ಹೊರಹೋಗುವುದಿಲ್ಲ, ಒದ್ದೆಯಾಗುವುದಂತೂ ತಪ್ಪುವುದಿಲ್ಲ.

ಲೇಬಲ್ಲಿನಲ್ಲಿ ಬರೆದಿರುವ 10,000 ಮಿಲಿಮೀಟರ್ ಎಂಬ ಅಂಕಿ ಹೊಸ ಬಟ್ಟೆ ಎಷ್ಟು ಎತ್ತರದ ನೀರಿನ ಕಂಬವನ್ನು ತಡೆದೀತು ಎಂಬ ಪ್ರಯೋಗಾಲಯದ ಲೆಕ್ಕ. ಬೆನ್ನಚೀಲದ ಪಟ್ಟಿ ಉಜ್ಜಿ ಉಜ್ಜಿ ಸವೆಸಿದ ಭುಜಕ್ಕೆ ಅದು ಅನ್ವಯಿಸುವುದಿಲ್ಲ. ಹನಿಗಳನ್ನು ಉರುಳಿಸುವ ಮೇಲಿನ ಲೇಪವೂ ತಿಕ್ಕಾಟಕ್ಕೆ, ಒಗೆತಕ್ಕೆ ಕಳಚಿಹೋಗುತ್ತದೆ. ಆಮೇಲೆ ಹೊರಬಟ್ಟೆ ನೀರು ಕುಡಿದು ಪೊರೆಯ ರಂಧ್ರಗಳಿಗೆ ಅಡ್ಡ ಕೂರುತ್ತದೆ. ಆ ಲೇಪಗಳಲ್ಲಿ ಬಹುಕಾಲ ಬಳಸಿದ್ದು ಪಿಎಫ್ಎಎಸ್ ಗುಂಪಿನ ರಾಸಾಯನಿಕಗಳನ್ನು; ಅವು ಮಣ್ಣಿನಲ್ಲಿ, ನೀರಿನಲ್ಲಿ ಕೊಳೆಯದೆ ಉಳಿಯುತ್ತವೆ. ಕ್ಯಾಲಿಫೋರ್ನಿಯಾ 2025ರಿಂದ, ಫ್ರಾನ್ಸ್ 2026ರಿಂದ, ಕೆಲವು ವಿನಾಯಿತಿಗಳೊಡನೆ, ಬಟ್ಟೆಗಳಲ್ಲಿ ಇವನ್ನು ನಿಷೇಧಿಸಿವೆ. ಕಾಡಿನ ಮೇಲಿನ ಪ್ರೀತಿಯಿಂದ ಹೊರಟವರು ಹೊಳೆಯ ನೀರಿಗೆ ಬಿಟ್ಟುಬರಬೇಕಾದ ವಸ್ತು ಇದಲ್ಲ.

ಇಷ್ಟೊಂದು ಮಳೆಯ ನಡುವೆ ತಲೆಮಾರುಗಳ ಕಾಲ ದುಡಿದ ಮಲೆನಾಡಿನವರು ಏನು ಮಾಡಿದರು? ನಾಟಿಗೆ ಇಳಿದ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಮುಚ್ಚುವ, ಎಲೆಯಲ್ಲಿ ಹೆಣೆದ ಗೊರಬು ಹೊತ್ತರು. ಗಂಡಸರು ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ಹಾಕಿಕೊಂಡರು. ಎರಡರಲ್ಲೂ ಒಂದೇ ಬುದ್ಧಿ ಕೆಲಸ ಮಾಡಿದೆ: ಮಳೆ ಬೀಳುವ ಬೆನ್ನು ಮುಚ್ಚಿರಬೇಕು, ಗಾಳಿ ಆಡುವ ಮುಂಭಾಗ ತೆರೆದಿರಬೇಕು. ಬೆವರು ಹೋಗುವುದಕ್ಕೆ ರಂಧ್ರ ಹುಡುಕುವ ಕಷ್ಟವೇ ಅಲ್ಲಿಲ್ಲ. ಕಂಬಳಿಯ ಒಂದು ಮೂಲೆಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರೆ ದಖನಿ ಕುರಿಯ ಒರಟು ಉಣ್ಣೆ ಚುಚ್ಚುತ್ತದೆ. ಚಳ್ಳಕೆರೆಯ ಕಡೆ ಕುರುಬರು ನೇಯುವಾಗ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ; ಅವು ಅದರಿಂದ ಬಿಗಿಯಾಗುತ್ತವೆ. ಮಳೆಹನಿ ಅದರ ಒರಟು ರೋಮಗಳ ಮೇಲೆ ನಿಂತು, ಜಾರಿ, ಅಂಚಿನಿಂದ ತೊಟ್ಟಿಕ್ಕುತ್ತದೆ. ದಿನವಿಡೀ ಮಳೆಯಲ್ಲಿ ನಿಂತರೆ ಅದೂ ನೆನೆದು ಭಾರವಾಗುತ್ತದೆ. ಕಂಬಳಿ ಹೊದ್ದು ಕುದುರೆಮುಖ ಹತ್ತಿ ಎಂದು ಯಾರಿಗೂ ಹೇಳುತ್ತಿಲ್ಲ. ಅದರ ಹಿಂದಿನ ತಿಳಿವಳಿಕೆಯನ್ನು ತೆಗೆದುಕೊಳ್ಳಿ. ಕಂಕುಳಲ್ಲಿ ಗಾಳಿಕಿಂಡಿ ಇರುವ, ಸಡಿಲವಾದ ಸಾಧಾರಣ ರೇನ್‌ಕೋಟು, ಬೆನ್ನಚೀಲವನ್ನೂ ಮುಚ್ಚುವ ಪಾಂಚೋ, ಗಾಳಿಯಿಲ್ಲದ ಕಾಡುದಾರಿಯಲ್ಲಿ ಒಂದು ಗಟ್ಟಿ ಕೊಡೆ. ನಮ್ಮ ಮಳೆಗೆ ಇವು ದುಬಾರಿ ಪೊರೆಗಿಂತ ಹೆಚ್ಚು ಒಗ್ಗುತ್ತವೆ.

ಬೆಲೆ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು ಎಂಬ ಮಾತನ್ನು ಅಂಕಿಗಳೇ ಸುಳ್ಳಾಗಿಸುತ್ತವೆ. ಎಳೆಯ ದಪ್ಪವನ್ನು ಡೀನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಮೋ ಅಷ್ಟು ಡೀನಿಯರ್. ಅತಿ ದುಬಾರಿ ಜಾಕೆಟ್ಟುಗಳಲ್ಲಿ ಹಲವು 20, 30 ಡೀನಿಯರಿನವು. ಅಂದರೆ ನೀವು ಹೆಚ್ಚು ಹಣ ಕೊಡುವುದು ಕಡಿಮೆ ಬಟ್ಟೆಗೆ. ವಾರಗಟ್ಟಲೆ ಸಾಮಾನು ಹೊತ್ತು 6,000 ಮೀಟರ್ ಏರುವವರಿಗೆ ಪ್ರತಿ 100 ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಅವರು ಆ ಹಣ ಕೊಡಲಿ. ಬೆಳಗ್ಗೆ ಹತ್ತಿ ಸಂಜೆ ಇಳಿಯುವವರು ಉಳಿಸುವ 200 ಗ್ರಾಂ, ಮೊದಲ ಮುಳ್ಳುಬೇಲಿಯಲ್ಲೇ ಜಾಕೆಟ್ಟಿನ ಆಯುಷ್ಯವನ್ನು ಕಿತ್ತುಕೊಳ್ಳುತ್ತದೆ. ರಿಪ್‌ಸ್ಟಾಪ್ ಎಂಬ ಚೌಕಳಿ ನೇಯ್ಗೆಯನ್ನೂ ಜನ ತಪ್ಪು ತಿಳಿದಿದ್ದಾರೆ. ನಡುನಡುವೆ ಹಾಕಿದ ದಪ್ಪ ಎಳೆ, ಹರಿದ ಜಾಗ ಮುಂದೆ ಹರಡದಂತೆ ತಡೆಯುತ್ತದೆ. ಬಂಡೆಗೆ ಉಜ್ಜಿ ಸವೆಯುವುದನ್ನು ಅದು ತಡೆಯದು. ಅದಕ್ಕೆ ಬಟ್ಟೆ ದಪ್ಪವಿರಬೇಕು.

ಈಗ ದುರಸ್ತಿಯ ಮಾತು, ನನ್ನ ವಾದದ ತಿರುಳೇ ಅದು. ತೀರ್ಥಹಳ್ಳಿಯಲ್ಲೋ ಸಕಲೇಶಪುರದಲ್ಲೋ ಕಪಾಟಿನಲ್ಲಿ ಮಡಿಚಿಟ್ಟ ಮಳೆ ಜಾಕೆಟ್ಟನ್ನು ಮೂರ್ನಾಲ್ಕು ವರ್ಷದ ಮೇಲೆ ತೆಗೆದು ಒಳಮಗ್ಗುಲು ಮಾಡಿ ನೋಡಿ. ಪಾಲಿಯುರೆಥೇನ್ ಲೇಪದ ಅನೇಕ ಜಾಕೆಟ್ಟುಗಳಲ್ಲಿ ಒಳಪದರ ಅಂಟಂಟಾಗಿ, ಬಿಳಿಯ ಹೊಪ್ಪಳೆಯಾಗಿ ಏಳುತ್ತಿರುತ್ತದೆ. ಹೊಲಿಗೆಗಳ ಮೇಲೆ ಅಂಟಿಸಿದ ಪಟ್ಟಿ ಸುರುಳಿ ಬಿಟ್ಟಿರುತ್ತದೆ. ತೇವ ಆ ಲೇಪವನ್ನು ನಿಧಾನವಾಗಿ ಒಡೆದುಹಾಕುತ್ತದೆ. ಮಳೆಗೆಂದೇ ಮಾಡಿದ ಬಟ್ಟೆ ಮಳೆನಾಡಿನ ಕಪಾಟಿನಲ್ಲೇ ಸಾಯುತ್ತದೆ. ಅದನ್ನು ದರ್ಜಿಯ ಬಳಿ ಒಯ್ದರೆ ಆತ ಕೈಚೆಲ್ಲುತ್ತಾನೆ, ಆತನ ತಪ್ಪೇನಿಲ್ಲ. ಸೂಜಿ ಚುಚ್ಚಿದಲ್ಲೆಲ್ಲ ಪೊರೆಗೆ ತೂತು; ಆ ತೂತಿನ ಮೇಲೆ ಮತ್ತೆ ಬಿಸಿಯಂತ್ರದಿಂದ ಪಟ್ಟಿ ಕೂರಿಸಬೇಕು. ಆತನ ಬಳಿ ಆ ಯಂತ್ರವಿಲ್ಲ. ಮಾರಿದ ಅಂಗಡಿಯೂ ಹೊಸದನ್ನೇ ತೋರಿಸುತ್ತದೆ. ಅದೇ ದರ್ಜಿಯ ಮುಂದೆ ಮೊಣಕಾಲು ಸವೆದ ಡ್ರಿಲ್ ಪ್ಯಾಂಟು ಇಡಿ. ಒಳಗಡೆಯಿಂದ ತುಂಡು ಕೊಟ್ಟು, ಸಾಲುಸಾಲಾಗಿ ಹೊಲಿಗೆ ಓಡಿಸಿ, ಸಂಜೆಯೊಳಗೆ ಕೊಡುತ್ತಾನೆ. ತೇಪೆ ಬಿದ್ದ ಜಾಗ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಸರಿಮಾಡಲು ಬರದ ಬಟ್ಟೆಯನ್ನು, ಅದಕ್ಕೆ ಯಾವ ಲೇಬಲ್ಲೇ ಇರಲಿ, ಗಟ್ಟಿ ಬಟ್ಟೆ ಎಂದು ನಾನು ಕರೆಯಲಾರೆ.

ಈ ಚರ್ಚೆಯಲ್ಲಿ ಹೊರಗಿನ ಬಟ್ಟೆ ಎಂದರೆ ಚಾರಣಿಗರ ಬಟ್ಟೆ ಎಂದೇ ಎಲ್ಲರೂ ಹಿಡಿದಿದ್ದಾರೆ. ಇದು ಇನ್ನೂ ದೊಡ್ಡ ತಪ್ಪು. ವರ್ಷದ ಮುನ್ನೂರು ದಿನ ಹೊರಗಿರುವವರು ತೋಟದ ಕೂಲಿಗಳು, ರೈತರು, ಕುರಿಗಾಹಿಗಳು, ಅರಣ್ಯದ ವಾಚರುಗಳು. ಕಾಫಿ ತೋಟದಲ್ಲಿ, ಹತ್ತಿಯ ಹೊಲದಲ್ಲಿ ಕೆಲಸ ಮಾಡುವ ಹೆಂಗಸರನ್ನು ನೋಡಿ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಹಳೆಯ ಅಂಗಿ ತೊಟ್ಟಿರುತ್ತಾರೆ. ಮುಳ್ಳು, ಬಿಸಿಲು, ಇರುವೆ, ಗರಿಯ ಅಂಚುಗಳಿಂದ ಕೈ ಕಾಯಬೇಕು, ಬೆವರು ಹೀರಬೇಕು, ಕತ್ತಿ ಬೀಸಲು ತೋಳು ಸಡಿಲವಿರಬೇಕು. ಇಷ್ಟಕ್ಕೂ ಒದಗುವುದು ನೇಯ್ದ ಹತ್ತಿ ಅಥವಾ ಟೆರಿಕಾಟ್ ಅಂಗಿ ಎಂಬುದನ್ನು ಅವರು ದುಡಿಮೆಯಿಂದ ಕಂಡುಕೊಂಡಿದ್ದಾರೆ. ಆದರೂ ಅವರ ಮೈ ಅಳತೆಗೆ, ಅವರ ಕೆಲಸಕ್ಕೆ ಹೊಲಿದ ಒಂದು ಅಂಗಿ ನಮ್ಮ ಪೇಟೆಗಳಲ್ಲಿ ಸಿಗುವುದು ದುರ್ಲಭ. ಬೆಟ್ಟಕ್ಕೆ ವರ್ಷಕ್ಕೆರಡು ಸಲ ಹೋಗುವವರಿಗಾಗಿ ಅಂಗಡಿಯ ಸಾಲುಗಳಿವೆ.

ಬೇಸಗೆಯ ಕಾಡಿನಲ್ಲಿ ಬಟ್ಟೆಯ ಆಯ್ಕೆ ಪ್ರಾಣದ ಪ್ರಶ್ನೆಯೂ ಹೌದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಗೆ ಎದುರು ನಿಂತವರಂಥ ಜನಕ್ಕೆ ಪಾಲಿಯೆಸ್ಟರ್ ಅಂಗಿ ಅಪಾಯ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. 2006ರಲ್ಲಿ ಇರಾಕಿನಲ್ಲಿದ್ದ ಅಮೆರಿಕದ ಮರೀನ್ ಪಡೆ, ಇದೇ ಕಾರಣಕ್ಕೆ, ಶಿಬಿರದಾಚೆ ಸಿಂಥೆಟಿಕ್ ಅಂಗಿ ತೊಡುವುದನ್ನು ನಿಷೇಧಿಸಿತು. ಹತ್ತಿಯೂ ಸುಡುತ್ತದೆ, ಆದರೆ ಕರಗಿ ಮೈಗಂಟುವುದಿಲ್ಲ. ಹೊರಗಿನ ಕೆಲಸಕ್ಕೆ ಸಿಂಥೆಟಿಕ್ಕೇ ಸರಿ ಎಂದು ಸಾರುವವರು ಈ ಮಾತನ್ನೂ ಜೊತೆಗೆ ಹೇಳಬೇಕಿತ್ತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವಾದವನ್ನೂ ನಾನು ಒಪ್ಪುವುದಿಲ್ಲ. ಹಿಂದಿನವರು ಲುಂಗಿ, ಹವಾಯಿ ಚಪ್ಪಲಿಯಲ್ಲೇ ಕಾಡು ಸುತ್ತಲಿಲ್ಲವೇ, ಹರಿದ ಹಳೆ ಬಟ್ಟೆ ಸಾಕು ಎನ್ನುವವರಿದ್ದಾರೆ. ಹಿಂದಿನವರು ಬಟ್ಟೆಯ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಮಳೆಗೆ ಕಂಬಳಿ, ತಲೆಹೊರೆಗೆ ಅಡಿಕೆ ಹಾಳೆಯ ಟೊಪ್ಪಿ, ನಾಟಿಗೆ ಗೊರಬು ಎಂದು ಕೆಲಸಕ್ಕೆ ತಕ್ಕುದನ್ನು ಆರಿಸಿಕೊಂಡಿದ್ದರು. ಜೋಲುವ ಅಂಚು, ಹರಿದ ತೋಳು ಕಳೆ ಕತ್ತರಿಸುವ ಯಂತ್ರಕ್ಕೆ ಸಿಕ್ಕರೆ ಕೈಯೇ ಹೋದೀತು. ಕೆಲಸದ ಬಟ್ಟೆ ಹಳೆಯದಾದರೂ ಸುಸ್ಥಿತಿಯಲ್ಲಿರಬೇಕು.

ಹಾಗಾದರೆ ಏನನ್ನು ಕೊಳ್ಳಬೇಕು? ಪ್ಯಾಂಟಿಗೆ ಚದರ ಮೀಟರಿಗೆ 200ರಿಂದ 250 ಗ್ರಾಂ ತೂಗುವ, ಹತ್ತಿಗೆ ಪಾಲಿಯೆಸ್ಟರನ್ನೋ ನೈಲಾನನ್ನೋ ಬೆರೆಸಿ ನೇಯ್ದ ಡ್ರಿಲ್. ಅಂಗಿಗೆ ಇದಕ್ಕಿಂತ ತೆಳುವಾದ ನೇಯ್ದ ಬಟ್ಟೆ, ತುಂಬುತೋಳು. ಕೊಳ್ಳುವ ಮೊದಲು ಒಳಮಗ್ಗುಲು ಮಾಡಿ ನೋಡಿ. ಕಾಲಿನ ಹೊಲಿಗೆ ಬರೀ ಓವರ್‌ಲಾಕ್ ಆಗಿದ್ದರೆ ಬಿಡಿ. ಜೀನ್ಸಿನಂತೆ ಅಂಚು ಮಡಿಚಿ ಎರಡು ಸಾಲು ಓಡಿಸಿರಬೇಕು. ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆ ಒಂದೇ ಬಿಂದುವಿಗೆ ಕೂಡುವ ಬದಲು ಒಂದು ಪ್ರತ್ಯೇಕ ತುಂಡು ಕೊಟ್ಟಿದ್ದರೆ, ಕಾಲು ಚಾಚಿ ಬಂಡೆ ಹತ್ತುವಾಗ ಬಿಚ್ಚಿಕೊಳ್ಳದು. ಜೇಬಿನ ಮೂಲೆಗಳಲ್ಲಿ ಒತ್ತು ಹೊಲಿಗೆ ಇರಲಿ. ಚೈನು ಕೆಟ್ಟರೆ ಬದಲಿಸಲು ಬರುವಂತಿರಲಿ. ಒಳ್ಳೆಯದು ಸಿಗದಿದ್ದರೆ ಬಟ್ಟೆ ಕೊಂಡು ಹೊಲಿಸಿ. ನಮ್ಮಲ್ಲಿ ದರ್ಜಿಗಳು ಇನ್ನೂ ಇದ್ದಾರೆ.

ಕೊಂಡ ಮೇಲೆ ಆರೈಕೆ. ಬೆವರಿನ ಉಪ್ಪು ಕೂರಲು ಬಿಡದೆ ಒಗೆಯಿರಿ, ಕಲ್ಲಿಗೆ ಬಡಿಯುವುದನ್ನು ಕಡಿಮೆ ಮಾಡಿ. ಹತ್ತಿಗೆ ದೊಡ್ಡ ಶತ್ರು ಬೂಷ್ಟು. ಪೂರಾ ಒಣಗದೆ ಮಡಿಚಬೇಡಿ. ನೈಲಾನಿಗೆ ಶತ್ರು ಬಿಸಿಲು, ನೆರಳಲ್ಲಿ ಒಣಗಿಸಿ. ಮೊಣಕಾಲು, ಕುಂಡೆ, ಮೊಣಕೈಗಳಲ್ಲಿ ಎಳೆ ತೆಳುವಾಗಿದ್ದು ಕಂಡರೆ ಹರಿಯುವವರೆಗೆ ಕಾಯದೆ ತೇಪೆ ಹಾಕಿಸಿ.

ಕಡೆಯದಾಗಿ ಕೇಳಿಕೊಳ್ಳುವುದು ಮೂವರನ್ನು. ಚಾರಣಕ್ಕೆ ಕರೆದೊಯ್ಯುವವರೇ, ನಿಮ್ಮ ಪಟ್ಟಿಯಿಂದ ಹತ್ತಿ ಬೇಡ ಎಂಬ ಸಾಲನ್ನು ತೆಗೆದು, ನೇಯ್ದ ತುಂಬುತೋಳಿನ ಅಂಗಿ ಮತ್ತು ಒಂದು ಜೊತೆ ಒಣ ಬಟ್ಟೆ ತನ್ನಿ ಎಂದು ಬರೆಯಿರಿ. ತೋಟದ ಮಾಲೀಕರೇ, ಇಲಾಖೆಯ ಅಧಿಕಾರಿಗಳೇ, ಕೆಲಸಗಾರರಿಗೆ ಬಟ್ಟೆ ಕೊಡಿಸುವಾಗ ಅತಿ ಕಡಿಮೆ ದರವನ್ನಷ್ಟೇ ನೋಡದೆ, ಬಟ್ಟೆಯ ತೂಕ, ಬೆರಕೆಯ ಪ್ರಮಾಣ, ಹೊಲಿಗೆಯ ಬಗೆಯನ್ನು ಟೆಂಡರಿನಲ್ಲೇ ಬರೆಸಿ. ಹೆಂಗಸರಿಗೆ ಅವರ ಅಳತೆಯದನ್ನೇ ಹೊಲಿಸಿ. ಹೊಸ ಜಾಕೆಟ್ಟಿನ ಮುಂದೆ ನಿಂತಿರುವ ಓದುಗರೇ, ಇದು ಹರಿದರೆ ನಮ್ಮೂರಲ್ಲಿ ಯಾರು ಸರಿಮಾಡುತ್ತಾರೆ ಎಂದು ಅಂಗಡಿಯವರನ್ನು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ.